ಮಳೆಗಾಲದಲ್ಲಿ ದಡದ ಮೇಲಿರತಕ್ಕದ್ದು

ಹಿಂಬಾಗಿಲಿಗೆ ಗೆದ್ದಲು ಹತ್ತಿದೆ ಎಂದು ಸರೋಜ ಹೇಳಿದಾಗಿನಿಂದ ನನಗೆ ನೆಮ್ಮದಿಯಿರಲಿಲ್ಲ. ಬಾಗಿಲಿನಿಂದ ಚೌಕಟ್ಟಿಗೆ, ಚೌಕಟ್ಟಿನಿಂದ ತೊಲೆಗೆ, ತೊಲೆಯಿಂದ ಇಡೀ ಮಾಡಿಗೆ ಅದು ಹಬ್ಬಿ, ಮನೆ ಕುಸಿದು, ಊರಿನವರು ಹೆಂಚು ಎತ್ತಿ ಎತ್ತಿ ನಮ್ಮಿಬ್ಬರನ್ನು ಹುಡುಕುವವರೆಗೆ ಒಂದೇ ಮಧ್ಯಾಹ್ನದಲ್ಲಿ ಯೋಚಿಸಿ ಮುಗಿಸಿದ್ದೆ. ಅಷ್ಟರಲ್ಲಿ ಸರೋಜ ಬಡಗಿಯನ್ನು ಕರೆಸಿದ್ದಳು. ನಮ್ಮ ಸಂಸಾರದಲ್ಲಿ ಕೆಲಸ ಹೀಗೆ ಹಂಚಿಕೆಯಾಗಿದೆ.

ಬಡಗಿ ಬಾಗಿಲನ್ನು ಕಳಚಿ ಅಂಗಳದಲ್ಲಿ ಮಲಗಿಸಿ ಕೆರೆದ. "ಗೆದ್ದಲು ಬರೀ ಮೇಲ್ಗಡೆ ಐತೆ ಸಾರ್, ಒಳಗೆ ಹಲಗೆ ಕಲ್ಲಿದ್ದಂಗೈತೆ," ಅಂದ. ಆಮೇಲೆ ಬೆರಳಿನಿಂದ ಅಂಚು ಸವರುತ್ತಾ, "ಆದ್ರೆ ಇದೇನ್ ಸಾರ್, ಅಂಚಿಗೆ ಸಾಲಾಗಿ ತೂತು? ಒಳಗೆ ತೆಂಗಿನ ನಾರು ಬೇರೆ ತುರುಕೈತೆ. ಯಾವನು ಮಾಡಿದ ಬಾಗ್ಲಿದು?" ಎಂದು ಕೇಳಿದ.

"ಹಳೇ ಮರ," ಎಂದು ಹೇಳಿ ನಾನು ಒಳಗೆ ಬಂದೆ.

ಅವನು ಡಬ್ಬಿಯ ಮುಚ್ಚಳ ತೆಗೆದು ಗೇರೆಣ್ಣೆ ಬಳಿಯತೊಡಗಿದ. ಅದರ ವಾಸನೆ ನಿಮಗೆ ಗೊತ್ತಿರಬಹುದು. ಗೇರುಬೀಜದ ಸಿಪ್ಪೆ ಸುಟ್ಟರೆ ಬರುವ, ಮೂಗಿಗಿಂತ ಮೊದಲು ಗಂಟಲಿಗೆ ತಾಗುವ ಘಾಟು. ಕಿಟಕಿ ಮುಚ್ಚಿಕೊಂಡೆ. ಮುಚ್ಚಿದರೂ ಬಂತು. ಅದರ ಹಿಂದೆಯೇ ಹದಿನೈದು ವರ್ಷ ಹಿಂದಿನ ಆ ಮಳೆಗಾಲವೂ ಬಂತು.

ಆಗ ನನಗೆ ಮೂವತ್ತನಾಲ್ಕು. ಜೀವವಿಮೆ ಸರ್ಕಾರದ ಕೈಗೆ ಹೋಗಿ ಎರಡೋ ಮೂರೋ ವರ್ಷವಾಗಿತ್ತು. ಸಾಯುವವರ ವ್ಯಾಪಾರ ಕೈತಪ್ಪಿದ ಮೇಲೆ ನನ್ನ ಪಾಲಿಗೆ ಉಳಿದದ್ದು ಲಾರಿ, ಕಾಫಿ ಗೋಡೌನು ಮತ್ತು ಬೆಂಕಿ. ಮಂಗಳೂರಿನ ಒಂದು ಕಂಪನಿಗೆ ಸಕಲೇಶಪುರದಲ್ಲಿ ನಾನೇ ಏಜೆಂಟು. ತಾಲ್ಲೂಕು ಕಚೇರಿಯ ಎದುರು ಒಂದು ಬಾಡಿಗೆ ಕೋಣೆ, ಒಂದು ಟೈಪ್‌ರೈಟರು, ಬೀಗ ಸರಿಯಾಗಿ ಹಾಕಿದ್ದೇನೆಯೇ ಎಂದು ದಿನಕ್ಕೆ ಮೂರು ಸಲ ತಿರುಗಿ ಬಂದು ಎಳೆದು ನೋಡುತ್ತಿದ್ದ ಒಂದು ಬಾಗಿಲು. ಹುಟ್ಟಿನಿಂದ ಬಂದ ಚಾಳಿಯೇ ಹೊಟ್ಟೆಪಾಡೂ ಆದ ಅದೃಷ್ಟವಂತರು ಕಡಿಮೆ. ನಾನು ಊರಿನ ಪರವಾಗಿ ಯೋಚನೆ ಮಾಡಿ ಕಮಿಷನ್ ಪಡೆಯುತ್ತಿದ್ದೆ.

ಇಬ್ರಾಹಿಂ ಸಾಬರು ನನ್ನ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ ಜಟಕಾ ನಿಲ್ಲಿಸಿ, "ಏಜೆಂಟ್ರೇ, ಇವತ್ತಿನ ಯೋಚ್ನೆ ಏನು?" ಎಂದು ಕೇಳುತ್ತಿದ್ದರು. ನಾನು ಏನಾದರೊಂದು ಹೇಳುತ್ತಿದ್ದೆ. ಸೇತುವೆಯ ಕಂಬ ವಾಲಿದಂತೆ ಕಾಣುತ್ತದೆ, ಈ ಸಲ ಕಾಫಿ ಹೂವಿಗೆ ಮಳೆ ತಡವಾಯಿತು, ಎಡಗಿವಿಯಲ್ಲಿ ಏನೋ ಸದ್ದು. ಅವರು ತಲೆದೂಗಿ, "ಒಳ್ಳೇದು, ಯೋಚ್ನೆಯೆಲ್ಲ ನಿಮಗೆ ಬುಟ್ಟಿದ್ದೀನಿ, ನಾನ್ ನಿಶ್ಚಿಂತೆ," ಎಂದು ಕುದುರೆಗೆ ಚಪ್ಪರಿಸಿ ಹೋಗುತ್ತಿದ್ದರು.

ಬೇಸಿಗೆಯಲ್ಲಿ ಜಟಕಾ, ಮಳೆಗಾಲದಲ್ಲಿ ಕಡವು. ಅದು ಅವರ ಜೀವನ. ಊರಿನಿಂದ ನಾಲ್ಕು ಮೈಲಿ ಕೆಳಗೆ ಹೇಮಾವತಿ ಹೊಳೆಗೆ ಒಂದು ದಾಟುವ ಜಾಗವಿತ್ತು. ಈಚೆ ದಡ ನಮ್ಮ ತಾಲ್ಲೂಕು, ಆಚೆಯದು ಆಲೂರಿನದು. ಅಲ್ಲಿಂದ ಕಾಲುದಾರಿ ಹತ್ತಿದರೆ ಆರೇಳು ಸಣ್ಣ ಹಳ್ಳಿ, ಒಂದೆರಡು ಎಸ್ಟೇಟಿನ ಕೂಲಿ ಲೈನು, ಆಮೇಲೆ ಕೆ. ಹೊಸಕೋಟೆಯ ರಸ್ತೆ. ಬೇಸಿಗೆಯಲ್ಲಿ ಹೊಳೆ ಮೊಣಕಾಲುದ್ದ, ಹೆಂಗಸರು ಸೀರೆ ಎತ್ತಿಕಟ್ಟಿ ನಡೆದೇ ದಾಟುತ್ತಿದ್ದರು. ಮೃಗಶಿರ ಮಳೆ ಹಿಡಿಯಿತೆಂದರೆ ಇಬ್ರಾಹಿಂ ಸಾಬರ ಹರಿಗೋಲೇ ಗತಿ. ಇಲ್ಲದಿದ್ದರೆ ಸೇತುವೆ ಸುತ್ತಿ ಹನ್ನೊಂದು ಮೈಲಿ.

ಆಚೆ ದಡದ ಮತ್ತಿ ಮರಕ್ಕೆ ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯೊಂದನ್ನು ನೇತುಹಾಕಿದ್ದರು. ದಾಟಬೇಕಾದವರು ಕಲ್ಲಿನಿಂದ ಅದಕ್ಕೆ ಹೊಡೆಯಬೇಕು. ಒಂದು ಹೊಡೆತಕ್ಕೆ ಬರೀ ಆಳು ಎಂದರ್ಥ, ಎರಡಕ್ಕೆ ಹೊರೆ ಇದೆ ಎಂದು. ಬಿಡದೆ ಮೂರು ಮೂರು ಹೊಡೆದರೆ ಕಾಯಿಲೆ ಅಥವಾ ಹೆರಿಗೆ. ಆಗ ಇಬ್ರಾಹಿಂ ಸಾಬರು ಅನ್ನದ ಮುಂದಿನಿಂದಲೂ ಏಳುತ್ತಿದ್ದರು. ಹದಿನೆಂಟು ವರ್ಷ ಎದ್ದಿದ್ದರು.

ಹಿಂದಿನ ವರ್ಷ ಕೆಳಗೆ ಎಲ್ಲೋ ಒಂದು ಹರಿಗೋಲು ಮಗುಚಿ ಜನ ಹೋದರೆಂದು ಸುದ್ದಿಯಾಗಿತ್ತು. ಅದರ ಮೇಲೆ ಹೊಸ ನಿಯಮ ಬಂತು. ಇನ್ನು ಮುಂದೆ ಕಡವಿನ ಲೈಸೆನ್ಸು ಹಲಗೆಯ ದೋಣಿ ಇದ್ದವರಿಗೆ ಮಾತ್ರ, ಆ ದೋಣಿಗೆ ವಿಮೆಯೂ ಇರತಕ್ಕದ್ದು. ಕಡವಿನ ಫೈಲು ನೋಡುತ್ತಿದ್ದ ಗುಮಾಸ್ತ ರಂಗಪ್ಪ ಇದನ್ನು ಓದಿ ಹೇಳಿದಾಗ ಇಬ್ರಾಹಿಂ ಸಾಬರು, "ನೀರಿಗೆ ವಿಮೆಯೋ, ದೋಣಿಗೆ ವಿಮೆಯೋ?" ಎಂದು ಕೇಳಿದರಂತೆ. ರಂಗಪ್ಪ, "ನನ್ನ ಫೈಲಿಗೆ ಕಣ್ರೀ," ಅಂದನಂತೆ.

ಇಬ್ರಾಹಿಂ ಸಾಬರು ಜಟಕಾ ಮಾರಿದರು, ಕುದುರೆಯನ್ನೂ ಮಾರಿದರು. ಮಂಗಳೂರಿಗೆ ಹೋಗಿ ಮೀನು ಹಿಡಿಯುವವರ ಒಂದು ಹಳೆಯ ದೋಣಿ ಕೊಂಡರು. ಮೊಳೆಯಿಲ್ಲದೆ, ಹಲಗೆಯ ಅಂಚಿಗೆ ತೂತು ಕೊರೆದು ತೆಂಗಿನ ಹುರಿಯಿಂದ ಹೊಲಿದ ದೋಣಿ. ಅದು ಲಾರಿಯ ಮೇಲೆ ಶಿರಾಡಿ ಘಾಟಿ ಹತ್ತಿ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಊರೇ ಸೇರಿತ್ತು. ಮೀನಿನ ವಾಸನೆಗೆ ಕಾಗೆಗಳು ಹಿಂಬಾಲಿಸಿ ಬಂದಿದ್ದವು. ಕೆಳಗಿಳಿಸಲು ಹನ್ನೆರಡು ಜನ ಬೇಕಾಯಿತು. ಹರಿಗೋಲನ್ನಾದರೆ ಅವರೊಬ್ಬರೇ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು.

"ಭಾರ ಜಾಸ್ತಿಯಾಯ್ತೇನೋ ಸಾಬ್ರೇ," ಅಂದೆ ನಾನು.

"ಸಮುದ್ರ ಕಂಡ ದೋಣಿ ಏಜೆಂಟ್ರೇ. ನಮ್ ಹೊಳೆ ಇದಕ್ಕೆ ಮುಸುರೆ ನೀರು." ಅವರು ಅದರ ಪಕ್ಕೆಗೆ ಕುದುರೆಗೆ ತಟ್ಟುವಂತೆ ತಟ್ಟಿದರು. ಗೇರೆಣ್ಣೆ ಹಚ್ಚಿ ವಾರವೂ ಆಗಿರಲಿಲ್ಲ. ಅವರ ಅಂಗೈ ಕಪ್ಪಾಯಿತು.

ಮಾರನೆಯ ದಿನ ಅರ್ಜಿ ತುಂಬಲು ಕೂತೆವು. ಅರ್ಜಿ ಸಮುದ್ರದ ದೋಣಿಗಳದ್ದು. ಕಂಪನಿಯ ಬಳಿ ಬೇರೆ ಅರ್ಜಿ ಇರಲಿಲ್ಲ.

"ದೋಣಿಯ ಹೆಸರು?" ಎಂದೆ.

"ದೋಣಿ ಅಂತ ಬರೀರಿ."

"ಹೆಸರಿಲ್ಲದೆ ಆಗಲ್ಲ ಸಾಬ್ರೇ."

ಅವರು ಸ್ವಲ್ಪ ಯೋಚಿಸಿದರು. "ಮುನ್ನಿ ಅಂತ ಬರ್ಕೊಳ್ಳಿ. ನಮ್ ಕುದುರೆ ಹೆಸರು. ಅದನ್ನ ಮಾರಿ ತಾನೆ ಇದು ಬಂದಿದ್ದು."

"ಹತ್ತಿರದ ಬಂದರು?"

"ಬಸ್ ಸ್ಟ್ಯಾಂಡು."

"ದಡದಿಂದ ಎಷ್ಟು ದೂರದವರೆಗೆ ಹೋಗುತ್ತದೆ?"

"ಇನ್ನೊಂದು ದಡದವರೆಗೆ."

ನಗುತ್ತಲೇ ತುಂಬಿದೆವು. ಉತ್ತರ ಬಂದಾಗ ನಗು ನಿಂತಿತು. ಪಶ್ಚಿಮ ಕರಾವಳಿಯ ದೋಣಿಗಳೆಲ್ಲ ಬಿರುಗಾಳಿಯ ಪಟ್ಟಿಗೆ ಸೇರಿದವು, ಆದ್ದರಿಂದ ದರ ಇಷ್ಟು ಎಂದು ಕಂಪನಿ ಬರೆದಿತ್ತು. ಅದು ಕಡವನ್ನು ಹರಾಜಿನಲ್ಲಿ ಹಿಡಿದ ಮೊತ್ತದ ಎರಡರಷ್ಟಿತ್ತು. ಇಬ್ರಾಹಿಂ ಸಾಬರು ಕಾಗದವನ್ನು ತಿರುಗಿಸಿ ನೋಡಿದರು, ಹಿಂದೆ ಏನಾದರೂ ಸಮಾಧಾನ ಬರೆದಿದೆಯೇನೋ ಎಂಬಂತೆ.

"ತೂಫಾನು ಮಂಗಳೂರಿಗೆ, ಕಾಸು ನಮ್ದಾ? ಮಧ್ಯೆ ಇಷ್ಟು ದೊಡ್ಡ ಘಾಟಿ ಐತಲ್ಲ ಏಜೆಂಟ್ರೇ, ಅದು ಲೆಕ್ಕಕ್ಕಿಲ್ವಾ?"

ಆ ಘಾಟಿಯನ್ನು ಲೆಕ್ಕಕ್ಕೆ ತರುವುದೇ ನನ್ನ ಆ ಬೇಸಿಗೆಯ ಕೆಲಸವಾಯಿತು. ನಾಲ್ಕು ಕಾಗದ ಬರೆದೆ. ನಮ್ಮ ದೋಣಿ ಸಮುದ್ರವನ್ನು ಕಾಣುವುದಿಲ್ಲ, ಬಿರುಗಾಳಿ ಘಟ್ಟ ಹತ್ತುವುದಿಲ್ಲ ಎಂದೆಲ್ಲ ವಿವರಿಸಿದೆ. ಕೊನೆಗೆ ಕಂಪನಿ ಒಂದು ದಾರಿ ತೋರಿಸಿತು. ಬಿರುಗಾಳಿಯ ಕಾಲದಲ್ಲಿ ದೋಣಿ ನೀರಿಗಿಳಿಯುವುದಿಲ್ಲವೆಂದು ಮಾಲೀಕರು ಬರೆದುಕೊಟ್ಟರೆ ದರ ಮೂರರಲ್ಲಿ ಒಂದು ಪಾಲು.

ನಾನು ಯೋಚಿಸಿದ್ದೇನು? ಬಿರುಗಾಳಿ ಎಂದರೆ ಸಮುದ್ರದ್ದು. ಅಲೆ ಎದ್ದು ತೆಂಗಿನಮರ ಮಲಗುವಂಥದ್ದು. ನಮ್ಮಲ್ಲಿರುವುದು ಮಳೆ. ಮೂರು ತಿಂಗಳು ಬಿಡದೆ ಹೊಡೆದರೂ ಮಳೆ ಮಳೆಯೇ, ಅದನ್ನು ಬಿರುಗಾಳಿ ಎಂದು ಕರೆದವರನ್ನು ನಾನು ಸಕಲೇಶಪುರದಲ್ಲಿ ಕಂಡಿಲ್ಲ. ಬರದೇ ಇರುವ ಕಾಲದಲ್ಲಿ ದೋಣಿ ಇಳಿಸುವುದಿಲ್ಲ ಎಂದು ಬರೆದುಕೊಡಲು ಏನು ಕಷ್ಟ? ಬರೆದುಕೊಟ್ಟೆ. ಇಬ್ರಾಹಿಂ ಸಾಬರು ಸಹಿ ಹಾಕಿದರು. ಜೀವಮಾನದಲ್ಲಿ ಮೊದಲ ಸಲ ನಾನು ಒಂದು ವಿಷಯದಲ್ಲಿ ಯೋಚನೆ ಮಾಡದೆ ಇದ್ದೆ, ಅದು ಇದು.

ಪಾಲಿಸಿ ಬಂತು, ಲೈಸೆನ್ಸೂ ಬಂತು. ಮೃಗಶಿರ ಹಿಡಿದ ಮೂರನೆಯ ದಿನ ಮುನ್ನಿ ಹೊಳೆಗಿಳಿಯಿತು. ಮೊದಲು ದಾಟಿದವಳು ಆಚೆ ದಡದ ದ್ಯಾವಮ್ಮ. ಪ್ರತಿ ಸಂತೆಗೂ ಕೋಳಿ ತಂದು ಮಾರುವ ಮುದುಕಿ. ಹರಿಗೋಲಿನಲ್ಲಿ ಹದಿನೆಂಟು ವರ್ಷ ಉಂಡೆಯಾಗಿ ಕೂತಿದ್ದವಳಿಗೆ ಹಲಗೆಯ ಮೇಲೆ ಕಾಲು ಚಾಚಿ ಕೂರುವುದು ಸಿಕ್ಕಿತ್ತು. "ಇದೇನ್ ಸಾಬಣ್ಣ, ನಮ್ ಮನೆ ಜಗ್ಲಿಗಿಂತ ದೊಡ್ಡದಾಗೈತೆ. ಸೊಸೆ ಬಾಣಂತನ ಇದ್ರಾಗೇ ಮಾಡ್ಬುಡ್ತೀನಿ," ಅಂದಳು. ಸೊಸೆಗೆ ಆಗ ಏಳು ತಿಂಗಳು.

ಆರಿದ್ರಾ ಮಳೆಯ ಒಂದು ಮಧ್ಯಾಹ್ನ ಮಾಡಲು ಕೆಲಸವಿಲ್ಲದೆ ನಾನು ಪಾಲಿಸಿಯನ್ನು ತೆಗೆದು ಮತ್ತೆ ಓದಿದೆ. ಹಿಂದಿನ ಪುಟಕ್ಕೆ ಅಂಟಿಸಿದ ತೆಳು ಚೀಟಿಯಲ್ಲಿ ಬಿರುಗಾಳಿಯ ಕಾಲವೆಂದರೆ ಯಾವುದು ಎಂದು ವಿವರಿಸಿದ್ದರು. ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಕರಾವಳಿಯ ಪದ್ಧತಿಯಂತೆ ಆ ಮಳೆಗಾಲದಲ್ಲಿ ದೋಣಿ ದಡದ ಮೇಲಿರತಕ್ಕದ್ದು.

ಪಕ್ಕದಲ್ಲೇ ಲೈಸೆನ್ಸಿನ ನಕಲು ಇತ್ತು. ಜೂನ್‌ನಿಂದ ನವೆಂಬರ್‌ವರೆಗೆ ಪ್ರತಿದಿನ ದೋಣಿ ನೀರಿನ ಮೇಲಿರತಕ್ಕದ್ದು, ತಪ್ಪಿದರೆ ದಂಡ.

ಒಂದು ಕಾಗದ ಇಳಿಸು ಎನ್ನುತ್ತಿತ್ತು, ಇನ್ನೊಂದು ಇಳಿಸಬೇಡ ಎನ್ನುತ್ತಿತ್ತು. ಎರಡೂ ಒಂದೇ ಡ್ರಾಯರಿನಲ್ಲಿ ಒಂದರ ಮೇಲೊಂದು ತಿಂಗಳಿಂದ ಮಲಗಿದ್ದವು. ಮಂಗಳೂರಿನವರು ಮಳೆಗಾಲದಲ್ಲಿ ದೋಣಿಯನ್ನು ಮೇಲಕ್ಕೆಳೆದು ತೆಂಗಿನ ಮಡಲು ಮುಚ್ಚಿ ಮನೆಗೆ ಹೋಗುತ್ತಾರೆ. ನಾವು ಮಳೆಗಾಲದಲ್ಲೇ ದೋಣಿಯನ್ನು ಹೊರಗೆ ತೆಗೆಯುವ ಜನ. ಕಂಪನಿ ನಮ್ಮ ದೋಣಿಯನ್ನು ಕಾಪಾಡುತ್ತಿದ್ದದ್ದು ಅದು ಒಣಗಿದ ಹೊಳೆಯ ಪಕ್ಕದಲ್ಲಿ ಮೇಕೆಗಳಿಗೆ ನೆರಳಾಗಿ ಬಿದ್ದಿರುವ ತಿಂಗಳುಗಳಲ್ಲಿ.

ಮಳೆಯಲ್ಲೇ ಕಡವಿಗೆ ಹೋಗಿ ಇಬ್ರಾಹಿಂ ಸಾಬರಿಗೆ ಹೇಳಿದೆ. ಅವರು ಗಳ ಊರಿಕೊಂಡು ನಿಂತು ಪೂರ್ತಿ ಕೇಳಿದರು. ಆಮೇಲೆ ಗಂಟಲು ತುಂಬ ನಕ್ಕರು.

"ಅಂದ್ರೆ ನಮ್ ಮುನ್ನಿ ನೀರಿಗೆ ಬಿದ್ದು ಸತ್ರೆ ಕೊಡಲ್ಲ, ನೆಲದ ಮೇಲೆ ಮುಳುಗಿ ಸತ್ರೆ ಕೊಡ್ತಾರೆ."

"ತಮಾಷೆಯಲ್ಲ ಸಾಬ್ರೇ."

"ನಾನೆಲ್ಲಿ ತಮಾಷೆ ಮಾಡ್ದೆ? ಹದಿನೆಂಟು ವರ್ಷ ವಿಮೆ ಇಲ್ದೆ ದಾಟ್ಸಿಲ್ವಾ? ಈಗ್ಲೂ ಇಲ್ಲ ಅಂದ್ಕೊಂಡ್ರಾಯ್ತು. ನೀವ್ ಬಾಯಿ ಮುಚ್ಕೊಂಡಿರಿ, ಅಷ್ಟೇ."

ರಂಗಪ್ಪನೂ ಅದೇ ಹೇಳಿದ. ಕಚೇರಿಯ ಹೊರಗೆ ಕಾಫಿ ಕುಡಿಯುತ್ತಾ ಬಾಯಿಮಾತಿನಲ್ಲಿ ಕೇಳಿದ್ದೆ. ಅವನು ಲೋಟ ಕೆಳಗಿಟ್ಟು ಅತ್ತ ಇತ್ತ ನೋಡಿ, "ನನಗೆ ಪಾಲಿಸಿ ನಂಬರ್ ಬೇಕಿತ್ತು, ಸಿಕ್ಕಿದೆ. ಒಳಗೇನಿದೆ ಅಂತ ನಾನು ಕೇಳಿಲ್ಲ, ನೀವೂ ಹೇಳಿಲ್ಲ. ಗೊತ್ತಾಯ್ತಾ ಮಾರಾಯ್ರೇ?" ಅಂದ.

ಗೊತ್ತಾಗಿತ್ತು. ಆದರೆ ಗೊತ್ತಾದದ್ದನ್ನು ಇಟ್ಟುಕೊಂಡು ಕೂರುವ ಶಕ್ತಿ ಬೇಕಲ್ಲ. ದೋಣಿ ಮಗುಚುತ್ತದೆ, ಜನ ಹೋಗುತ್ತಾರೆ, ಪಾಲಿಸಿ ತೆಗೆಯುತ್ತಾರೆ, ಚೀಟಿ ಓದುತ್ತಾರೆ, ನನ್ನ ಹೆಸರು ಓದುತ್ತಾರೆ. ದಿನವೂ ಇದು. ಒಂಬತ್ತು ದಿನ ತಡೆದೆ. ಹತ್ತನೆಯ ದಿನ ಎರಡು ಕಾಗದ ಟೈಪು ಮಾಡಿದೆ. ಒಂದು ಕಂಪನಿಗೆ, ಹೊಳೆಯ ದೋಣಿಗೆ ಮಳೆಗಾಲದಲ್ಲೂ ವಿಮೆ ಕೊಡಿ ಎಂದು. ಇನ್ನೊಂದು ತಾಲ್ಲೂಕು ಕಚೇರಿಗೆ, ಈ ಷರತ್ತುಗಳ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿ ಎಂದು. ಬಹಳ ವಿನಯದಿಂದ ಬರೆದಿದ್ದೆ. ಮಗುಚಿದರೆ, 'ನಾನು ಮೊದಲೇ ಕೇಳಿದ್ದೆ' ಎಂದು ತೋರಿಸಲು ಒಂದು ನಕಲು ಬೇಕಿತ್ತು ನನಗೆ. ಅಷ್ಟೇ ಬೇಕಿತ್ತು.

ಅದೇ ಹೊತ್ತಿಗೆ ಇಬ್ರಾಹಿಂ ಸಾಬರು ಕೋಣೆಯ ಮುಂದೆ ಬಂದರು. ಈಗ ಜಟಕಾ ಇರಲಿಲ್ಲ, ಗೋಣಿಕೊಪ್ಪೆ ಹೊದ್ದು ನಡೆದು ಬಂದಿದ್ದರು. ಕಚೇರಿಗೆ ಹರಾಜಿನ ಕಂತು ಕಟ್ಟಲು ಹೋಗುವವರಿದ್ದರು. "ಇವತ್ತಿನ ಯೋಚ್ನೆ ಏನು ಏಜೆಂಟ್ರೇ?"

"ಏನಿಲ್ಲ," ಎಂದೆ. ಆಮೇಲೆ, ಮಳೆಯಲ್ಲಿ ರಸ್ತೆ ದಾಟುವ ಬೇಸರಕ್ಕೆ, ಕಚೇರಿಯ ಕಾಗದವಿದ್ದ ಲಕೋಟೆಯನ್ನು ಅವರ ಕೈಗೇ ಕೊಟ್ಟೆ. "ಹೋಗ್ತಾ ಇದನ್ನ ರಂಗಪ್ಪನಿಗೆ ಕೊಟ್ಟುಬಿಡಿ ಸಾಬ್ರೇ."

ಅವರು ಅದನ್ನು ಒದ್ದೆಯಾಗದಂತೆ ಟೋಪಿಯೊಳಗೆ ಇಟ್ಟುಕೊಂಡು ಹೋದರು.

ಬಾಯಲ್ಲಿ ಕೇಳಿದ ಪ್ರಶ್ನೆಯನ್ನು ರಂಗಪ್ಪ ಮರೆಯಬಲ್ಲವನಾಗಿದ್ದ. ಟಪಾಲಿನ ಪುಸ್ತಕದಲ್ಲಿ ನಂಬರು ಬಿದ್ದ ಪ್ರಶ್ನೆಯನ್ನು ಮರೆಯುವುದು ಅವನ ಕೈಯಲ್ಲೂ ಇರಲಿಲ್ಲ. ಐದನೆಯ ದಿನ ಆದೇಶವಾಯಿತು. ವಿಮೆ ಊರ್ಜಿತವಿಲ್ಲದ್ದರಿಂದ ದೋಣಿಯನ್ನು ಮುಂದಿನ ಆದೇಶದವರೆಗೆ ತಡೆಹಿಡಿಯತಕ್ಕದ್ದು. ರಂಗಪ್ಪ ಒಬ್ಬ ಜವಾನನೊಂದಿಗೆ ಬಂದು ದಡದ ಮೇಲಿದ್ದ ದೋಣಿಯನ್ನು ಹೊಂಗೆ ಮರಕ್ಕೆ ಸರಪಳಿಯಿಂದ ಬಿಗಿದು, ಬೀಗಕ್ಕೆ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದ. ಮಳೆಯಲ್ಲಿ ಅರಗು ಹತ್ತಲು ಆರು ಬೆಂಕಿಕಡ್ಡಿ ಬೇಕಾದವು. ನನ್ನ ಕಡೆ ತಿರುಗಿ, "ಕೇಳಬೇಡಿ ಅಂದಿದ್ನಲ್ಲ," ಎಂದಷ್ಟೇ ಹೇಳಿದ.

ಇಬ್ರಾಹಿಂ ಸಾಬರು ಮುದ್ರೆಯನ್ನೇ ನೋಡುತ್ತಿದ್ದರು. "ಆ ಲಕೋಟೆನಾ?" ಎಂದು ಕೇಳಿದರು.

"ಹೌದು."

"ನಾನೇ ಕೊಟ್ಟು ಬಂದ್ನಲ್ಲ." ಅವರು ಸ್ವಲ್ಪ ನಕ್ಕರು. "ಒದ್ದೆ ಆಗ್ದಂಗೆ."

ಹಳೆಯ ಹರಿಗೋಲನ್ನು ಅವರು ಆಗಲೇ ಬಿಚ್ಚಿ ಅದರ ಚರ್ಮ ಮಾರಿಬಿಟ್ಟಿದ್ದರು. ಕಡವು ನಿಂತಿತು. ಆಚೆಯ ಹಳ್ಳಿಗಳಿಗೆ ಸುದ್ದಿ ಮುಟ್ಟಿಸಲು ದೋಣಿಯೇ ಇರಲಿಲ್ಲವಾದ್ದರಿಂದ ಅಲ್ಲಿಯವರು ಪಟ್ಟಿ ಹೊಡೆಯುತ್ತಲೇ ಇದ್ದರು. ಇಬ್ರಾಹಿಂ ಸಾಬರು ದಡಕ್ಕೆ ಬಂದು ಎರಡೂ ಕೈ ಮೇಲೆತ್ತಿ ಅಡ್ಡಡ್ಡ ಆಡಿಸುತ್ತಿದ್ದರು. ಆಚೆಯವರು ಇನ್ನೊಮ್ಮೆ ಹೊಡೆಯುತ್ತಿದ್ದರು. ದ್ಯಾವಮ್ಮ ಒಂದು ಸಂತೆಯ ದಿನ ಕೋಳಿಗಳನ್ನು ಹಿಡಿದು ಬಂದು, ಕೈ ಬಾಯಿಗೆ ಹಿಡಿದು ಏನೋ ಕೂಗಿ, ಉತ್ತರ ಹೊಳೆಯ ಸದ್ದಿನಲ್ಲಿ ಕೇಳದೆ, ಕೋಳಿಗಳೊಂದಿಗೆ ವಾಪಸು ಹೋದಳು. ನನಗೆ ಬೇರೆ ಕೆಲಸವಾಗುತ್ತಿರಲಿಲ್ಲ. ದಿನ ಬಿಟ್ಟು ದಿನ ಕಡವಿಗೆ ಹೋಗಿ ಅವರ ಗುಡಿಸಲಿನ ಜಗಲಿಯಲ್ಲಿ ಕೂತು ಬರುತ್ತಿದ್ದೆ. ಕಂಪನಿಯಿಂದ ಉತ್ತರ ಬಂದಿತ್ತು. ಮಳೆಗಾಲ ಮುಗಿದ ಮೇಲೆ ಪರಿಶೀಲಿಸುತ್ತೇವೆ.

ಆಶ್ಲೇಷ ಮಳೆ ಹೊಕ್ಕ ಎರಡನೆಯ ದಿನ ಬೆಳಗ್ಗೆ ನಾನು ಆ ಜಗಲಿಯಲ್ಲಿದ್ದೆ. ಹೊಳೆ ಕೆಂಪಗೆ, ದಡದ ಹುಲ್ಲು ಮುಟ್ಟಿ ಹರಿಯುತ್ತಿತ್ತು. ಆಗ ಆಚೆಯಿಂದ ಪಟ್ಟಿಯ ಸದ್ದು ಬಂತು. ಮೂರು. ಸ್ವಲ್ಪ ಬಿಟ್ಟು ಮತ್ತೆ ಮೂರು.

ಇಬ್ರಾಹಿಂ ಸಾಬರು ಎದ್ದು ಮೂಲೆಯಲ್ಲಿದ್ದ ಕೊಡಲಿ ತೆಗೆದುಕೊಂಡರು. ನಾನು ಅವರ ತೋಳು ಹಿಡಿದೆ. ಆ ಹಿಡಿತವನ್ನು ಈಗಲೂ ನನ್ನ ಬೆರಳು ಮರೆತಿಲ್ಲ.

"ಸರ್ಕಾರದ ಮುದ್ರೆ ಸಾಬ್ರೇ. ಒಡೆದರೆ ಜೈಲು. ಕಡವು ಶಾಶ್ವತವಾಗಿ ಹೋಗುತ್ತೆ. ನಾನು ಓಡಿ ಹೋಗಿ ಅನುಮತಿ ತರ್ತೀನಿ."

"ದ್ಯಾವಮ್ಮನ ಸೊಸೆ ಇರ್ಬೇಕು ಏಜೆಂಟ್ರೇ. ದಿನ ತುಂಬೈತೆ."

"ಎರಡು ಗಂಟೆ ಕೊಡಿ."

ಅವರು ಕೊಡಲಿಯನ್ನು ನೋಡಿದರು, ನನ್ನನ್ನು ನೋಡಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮೂರು ಹೊಡೆತ ಕೇಳಿಯೂ ಅವರು ಕೂತರು. ನನ್ನ ಮಾತಿಗೆ ಕೂತರು.

ನಾಲ್ಕು ಮೈಲಿ ಓಡುತ್ತಾ ನಡೆಯುತ್ತಾ ಹೋದೆ. ಸಹಿ ಹಾಕಬೇಕಾದವರು ಹಾಸನಕ್ಕೆ ಮೀಟಿಂಗಿಗೆ ಹೋಗಿದ್ದರು. ರಂಗಪ್ಪ ಕೊನೆಗೆ ತಾನೇ ಧೈರ್ಯ ಮಾಡಿ, ನನ್ನಿಂದ ಅರ್ಜಿ ಬರೆಸಿಕೊಂಡು, ಅದರ ಮೇಲೆ ತನ್ನ ಕೈಯಿಂದ ಬರೆದುಕೊಟ್ಟ. ತುರ್ತು ಸಂದರ್ಭದಲ್ಲಿ ಒಂದು ಸಲ ದಾಟಲು ಮುದ್ರೆ ತೆಗೆಯಬಹುದು. ನಾನು ಕಡವಿಗೆ ಮರಳಿದಾಗ ಮೂರು ಗಂಟೆ.

ಸದ್ದು ನಿಂತಿತ್ತು. "ಹನ್ನೆರಡರವರೆಗೆ ಹೊಡೆದ್ರು," ಅಂದರು ಇಬ್ರಾಹಿಂ ಸಾಬರು. "ಆಮೇಲೆ ಕಂಬಳಿ ಜೋಲಿ ಕಟ್ಕೊಂಡು ಸೇತುವೆ ಕಡೆ ಹೊರಟ್ರು. ಕಾಣ್ತಿತ್ತು." ಹೊಳೆ ಈಗ ದೋಣಿಯ ಹಿಂಬದಿಯನ್ನು ಮುಟ್ಟಿತ್ತು. ಯಾವ ದೋಣಿಯೂ ದಾಟುವ ನೀರಲ್ಲ ಅದು. ನಾನು ಕಾಗದ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ. ಕೊಡಲಿಯ ಹಿಂಬದಿಯಿಂದ ಒಂದೇ ಏಟಿಗೆ ಬೀಗ ಒಡೆದರು. "ಮೇಲಕ್ಕೆ ಎಳೀಬೇಕು. ಹಿಡೀರಿ."

ಹನ್ನೆರಡು ಜನ ಇಳಿಸಿದ ದೋಣಿ. ಅಲ್ಲಿದ್ದವರು ಅರವತ್ತರ ಒಬ್ಬರು, ನಾನೊಬ್ಬ. ಪ್ರತಿ ಮಳೆಗಾಲದಲ್ಲಿ ಭಾರದ ಕೆಲಸಕ್ಕೆ ಕೈಕೊಡುತ್ತಿದ್ದವರೆಲ್ಲ ಆಚೆ ದಡದವರು. ಅವರಲ್ಲಿ ಗಂಡಾಳುಗಳೆಲ್ಲ ಜೋಲಿ ಹೊತ್ತು ಹೋಗಿದ್ದರು. ಒಂದು ಗೇಣು ಸರಿಯಿತು. ಇನ್ನೊಂದು ಗೇಣು ಸರಿಯಲಿಲ್ಲ. ಸಂಜೆಯವರೆಗೆ ಒದ್ದಾಡಿ, ಇದ್ದ ಹಗ್ಗವನ್ನೆಲ್ಲ ಮರಕ್ಕೆ ಸುತ್ತಿ ಬಿಟ್ಟೆವು. ನನ್ನ ಅಂಗೈಯೆಲ್ಲ ಗೇರೆಣ್ಣೆ.

ಬೆಳಗ್ಗೆ ಹೊಂಗೆ ಮರವೇ ಇರಲಿಲ್ಲ. ದೋಣಿ ಅರ್ಧ ಮೈಲಿ ಕೆಳಗೆ ಬಂಡೆಗಳ ನಡುವೆ ಹೊಲಿಗೆ ಬಿಚ್ಚಿ ಹಲಗೆ ಹಲಗೆಯಾಗಿ ಸಿಕ್ಕಿತು. ದ್ಯಾವಮ್ಮನ ಸೊಸೆ ದಾರಿಯಲ್ಲೇ ಹೆತ್ತಳೆಂದು ಎರಡು ದಿನ ಬಿಟ್ಟು ತಿಳಿಯಿತು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಇದೆಲ್ಲದರ ನಡುವೆಯೂ ನನ್ನ ತಲೆ ಒಂದು ಲೆಕ್ಕ ಹಾಕಿತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೋಣಿ ಹಾಳಾದದ್ದು ಮಳೆಗಾಲದಲ್ಲಿ, ದಡದ ಮೇಲೆ. ಷರತ್ತಿನ ಪ್ರಕಾರ ಎಲ್ಲಿರಬೇಕೋ ಅಲ್ಲಿ. ಇಬ್ರಾಹಿಂ ಸಾಬರು ಅಂದು ನಗುತ್ತಾ ಹೇಳಿದಂತೆಯೇ ಆಗಿತ್ತು. ಪರಿಹಾರ ಬಂದರೆ ಒಂದು ಜಟಕಾ ಆದರೂ ಆದೀತು. ಎಂಟು ಪುಟದ ಕಾಗದ ಬರೆದೆ. ಅಷ್ಟು ಚೆನ್ನಾಗಿ ನಾನು ಏನನ್ನೂ ಬರೆದಿಲ್ಲ.

ಕಂಪನಿಯ ಉತ್ತರ ಮೂರು ಸಾಲು. ಸರ್ಕಾರ ತಡೆಹಿಡಿದ ದೋಣಿಗೆ ಆದ ನಷ್ಟ ಪಾಲಿಸಿಗೆ ಸೇರುವುದಿಲ್ಲ, ಸಂಬಂಧಪಟ್ಟ ಕಚೇರಿಯನ್ನು ಕೇಳಿಕೊಳ್ಳಿ. ಕಚೇರಿಯನ್ನು ಕೇಳಿದೆ. ಹಿಂದಿನ ಮಧ್ಯಾಹ್ನವೇ ನಿಮ್ಮದೇ ಅರ್ಜಿಯ ಮೇಲೆ ಮುದ್ರೆ ತೆಗೆಯಲು ಅನುಮತಿ ಕೊಟ್ಟಾಗಿದೆ, ಆಮೇಲೆ ದೋಣಿ ನಮ್ಮ ವಶದಲ್ಲಿರಲಿಲ್ಲ ಎಂದರು. ಅದನ್ನು ಕಂಪನಿಗೆ ಬರೆದೆ. ಹಾಗಾದರೆ ದೋಣಿಯನ್ನು ಬಿಡಿಸಿಕೊಂಡದ್ದು ಮಳೆಗಾಲದಲ್ಲಿ ನೀರಿಗಿಳಿಸಲು, ಅದು ಷರತ್ತಿನ ಉಲ್ಲಂಘನೆ ಎಂದರು. ಎರಡೂ ಕಡೆ ಅವರು ಆಧಾರವಾಗಿ ಹಿಡಿದದ್ದು ನಾನು ಬರೆದ ಕಾಗದಗಳನ್ನೇ. ನಕಲುಗಳು ನನ್ನ ಬಳಿ ಭದ್ರವಾಗಿವೆ.

ಈ ಕೊನೆಯ ಉತ್ತರವನ್ನು ಇಬ್ರಾಹಿಂ ಸಾಬರಿಗೆ ಓದಿ ಹೇಳಿದ್ದು ದೀಪಾವಳಿಯ ಹೊತ್ತಿಗೆ. ಅವರಾಗ ಕಾಫಿ ಗೋಡೌನಿನಲ್ಲಿ ಮೂಟೆ ಹೊರುತ್ತಿದ್ದರು. ಆ ಗೋಡೌನಿಗೆ ಬೆಂಕಿಯ ವಿಮೆ ಮಾಡಿಸಿದ್ದವನು ನಾನೇ. ಅವರು ತಲೆಯ ಗೋಣಿ ತೆಗೆದು ಪೂರ್ತಿ ಕೇಳಿದರು. ನಗಲಿಲ್ಲ. ಬೈದರೆ ಒಳ್ಳೆಯದಿತ್ತು, ಬೈಯಲೂ ಇಲ್ಲ.

"ಹಲಗೆ ನಾಲ್ಕೈದು ಚೆನ್ನಾಗಿವೆ," ಅಂದರು. "ಗಾಡಿ ಮಾಡಿ ಮನೆಗೆ ಕಳಿಸ್ತೀನಿ. ನಿಮ್ ಹಿಂಬಾಗ್ಲು ಗಾಳಿಗೆ ಬಡಿತೈತೆ ಅಂತ ಯೋಚ್ನೆ ಮಾಡ್ತಿದ್ರಲ್ಲ, ಮಾಡಿಸ್ಕೊಳ್ಳಿ."

ಬೇಡವೆಂದು ಹೇಳಲು ನನ್ನಿಂದಾಗಲಿಲ್ಲ. ದುಡ್ಡು ಕೊಡಲು ಹೋದೆ. ಅವರು ಮೂಟೆಗೆ ಬೆನ್ನು ಕೊಟ್ಟು ಬಗ್ಗಿದರು. ಮುಂದಿನ ಬೇಸಿಗೆಯಲ್ಲಿ ಮಗಳ ಮನೆಗೆಂದು ಚನ್ನರಾಯಪಟ್ಟಣದ ಕಡೆ ಹೋದವರು ತಿರುಗಿ ಬರಲಿಲ್ಲ. ಹೋಗುವ ದಿನ ನನ್ನ ಕೋಣೆಯ ಮುಂದೆಯೇ ಬಸ್ಸಿಗೆ ನಡೆದರು. ಒಂದು ಗಳಿಗೆ ನಿಂತರು. ಎಂದಿನ ಪ್ರಶ್ನೆ ಕೇಳುತ್ತಾರೆಂದು ನಾನು ಎದ್ದೂ ನಿಂತೆ. ಕೇಳಲಿಲ್ಲ.

ಆ ಕಡವನ್ನು ಮತ್ತೆ ಯಾರೂ ಹರಾಜಿನಲ್ಲಿ ಹಿಡಿಯಲಿಲ್ಲ. ಅಲ್ಲೊಂದು ಹೊಸ ಸೇತುವೆಗೆಂದು ಅಳತೆ ಮಾಡುವವರು ಎರಡು ಸಲ ಬಂದು ಗೂಟ ಹೊಡೆದು ಹೋದರು. ಗೂಟಗಳನ್ನು ಹೊಳೆ ತೆಗೆದುಕೊಂಡು ಹೋಯಿತು. ದ್ಯಾವಮ್ಮ ಸಂತೆಗೆ ಬರುವುದನ್ನು ಬಿಟ್ಟಳು. ನಾನು ಏಜೆನ್ಸಿ ಬಿಡಲಿಲ್ಲ.

ಸಂಜೆ ಬಡಗಿ ಬಾಗಿಲನ್ನು ಮತ್ತೆ ಕೂರಿಸಿ, ಎರಡು ಸಲ ತೆರೆದು ಮುಚ್ಚಿ ತೋರಿಸಿದ. "ಈಗ ಸಲೀಸಾಗೈತೆ ಸಾರ್. ಆದ್ರೆ ಮಳೆ ಹಿಡಿದ್ರೆ ಉಬ್ಕೊಂಡ್‌ಬುಡ್ತದೆ. ಅಂಚಿಗೆ ತೋಪಡಾ ಹೊಡ್ದು ಸ್ವಲ್ಪ ತೆಳು ಮಾಡ್ಲಾ?"

"ಬೇಡ," ಎಂದೆ.

ಸರೋಜ ಬಡಗಿಗೆ ಕೂಲಿ ಎಣಿಸಿ ಕೊಟ್ಟಳು. ಅವಳಿಗೆ ಗೊತ್ತಿದೆ. ಮೃಗಶಿರ ಹಿಡಿದ ವಾರಕ್ಕೆ ಆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಭುಜ ಕೊಟ್ಟು ನೂಕಿದರೂ ಅಲುಗುವುದಿಲ್ಲ. ಹಿತ್ತಲಿಗೆ ಹೋಗಲು ನಾವು ಮನೆಯನ್ನು ಸುತ್ತಿ ಹೋಗುತ್ತೇವೆ, ಕೊಡೆ ಹಿಡಿದುಕೊಂಡು, ಸೆಪ್ಟೆಂಬರ್ ನಡುವಿನವರೆಗೆ.